ಗಾಡಿಯ ಹಿಂದೆ ಓಡಿಸಿದವನು

ಆಗ ನನಗೆ ಅರವತ್ತೇಳು ವರ್ಷ. ಈಗ್ಗೆ ಆರು ವರ್ಷದ ಹಿಂದಿನ ಮಾತು. ವಯಸ್ಸು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ "ಮುದುಕಿಗೆ ಅರಳುಮರಳು, ಏನರ ಬರದಾಳ" ಅನ್ನಬಾರದು. ಆಗಲೂ ನನ್ನ ಕಣ್ಣು ಚೆನ್ನಾಗಿದ್ದವು, ಈಗಲೂ ಇವೆ.

ಅವನು ಮೊನ್ನೆ ಸತ್ತ. ಶಾಲೆಯ ಅಂಗಳದಲ್ಲಿ ಮಂದಿ ಸೇರಿ ಅವನ ಫೋಟೋಕ್ಕೆ ಹಾರ ಹಾಕಿದರು. ಒಬ್ಬೊಬ್ಬರೂ ಎದ್ದು ನಿಂತು, ಓಟ ಕಲಿಸಿದ ಗುರು, ದೇವರಂಥ ಮನುಷ್ಯ ಅಂದರು. ಹಾಗೆ ಅಂದವರಲ್ಲಿ ಅರ್ಧ ಮಂದಿ ಅವನು ಬದುಕಿದ್ದಾಗ ತಮ್ಮ ಎತ್ತಿನ ಹತ್ತಿರ ಅವನನ್ನು ನಿಲ್ಲಗೊಡುತ್ತಿರಲಿಲ್ಲ. ನಾನೂ ನಿಲ್ಲಗೊಡುತ್ತಿರಲಿಲ್ಲ. ಆದರೆ ನಾನು ಎದ್ದು ನಿಂತು ದೇವರು ಅನ್ನಲಿಲ್ಲ. ಮಾಸ್ತರು "ಆಯಿ, ನೀವೂ ನಾಲ್ಕು ಮಾತು ಹೇಳ್ರಿ" ಅಂದರು. "ನಿಂತು ಹೇಳೂದು ನನ್ನಿಂದ ಆಗೂದಿಲ್ಲ, ಬರದು ಕೊಡ್ತೇನಿ" ಅಂದೆ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ. ಒತ್ತಕ್ಷರ ಬಂದಲ್ಲಿ ಕೈ ಎಡವುತ್ತದೆ, ಮೊಮ್ಮಗಳು ತಿದ್ದುತ್ತಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಅಂತ ಅವಳಿಗೆ ಹೇಳಿಟ್ಟಿದ್ದೇನೆ. ಅವನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಅವನ ಮಕ್ಕಳು ನನ್ನ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ನಮ್ಮದು ಇಂಡಿ ತಾಲ್ಲೂಕು, ಅಗರಖೇಡದ ಕಡೆ ಭೀಮಾ ನದಿಗೆ ಹತ್ತಿದ ಊರು. ನಮಗೆ ಒಂದಿಷ್ಟು ನಿಂಬೆ ಗಿಡ ಇವೆ. ನಿಂಬೆ ಮಾರಿ ಬದುಕಿದವಳು ನಾನು. ಚೀಲದ ಬಾಯಲ್ಲಿ ಹಳದಿ ಹಣ್ಣು ಕಂಡ ಕೂಡಲೇ ನಂಬುವವಳಲ್ಲ, ತಳ ಸುರುವಿ ನೋಡುವವಳು. ಮನುಷ್ಯರನ್ನೂ ಹಾಗೇ ನೋಡಿದ್ದೇನೆ.

ಅವನು ನನ್ನ ಗಂಡನ ಗೆಳೆಯ, ವಯಸ್ಸಿನಲ್ಲಿ ಚಿಕ್ಕವನು, ಅದಕ್ಕೇ ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದ. ಬಡಕಲು ಮೈ, ದೊಡ್ಡ ಕಿವಿ. ಯಾರನ್ನು ನೋಡಿದರೂ ಮುಖ ನೋಡುತ್ತಿರಲಿಲ್ಲ, ಮೊದಲು ಕಾಲು ನೋಡುತ್ತಿದ್ದ. ಮದುವೆಗೆ ಹೋದರೆ ಹಂದರದ ಹೊರಗೆ ಬಿಟ್ಟ ಚಪ್ಪಲಿಗಳ ಮುಂದೆ ನಿಂತು, ಯಾವುದು ಎಲ್ಲಿ ಸವೆದಿದೆ ಅಂತ ನೋಡುತ್ತಾ ಊಟ ಮರೆಯುತ್ತಿದ್ದ. ಚಪ್ಪಲಿ ಕಳ್ಳ ಅಂತ ಒಮ್ಮೆ ಮನಗೂಳಿಯಲ್ಲಿ ಬೀಗರ ಕಡೆಯವರು ಅವನ ಕೊರಳಪಟ್ಟಿ ಹಿಡಿದಿದ್ದರು. ಹಿಡಿದವನಿಗೂ ಅವನು ಹೇಳಿದ್ದು ಇಷ್ಟೇ: "ನಿಮ್ಮ ಬಲಗಾಲು ಸ್ವಲ್ಪ ಗಿಡ್ಡ ಐತಲ್ರಿ?"

ಹಿಂದೆ ಅವನೂ ನನ್ನ ಗಂಡನೂ ಕೂಡಿ ಗಾಡಿ ಓಟಕ್ಕೆ ಎತ್ತು ಕಟ್ಟುತ್ತಿದ್ದರು. ಒಂದೇ ನೊಗ. ಎಡಕ್ಕೆ ನಮ್ಮ ಎತ್ತು, ಬಲಕ್ಕೆ ಅವನದು. ಪಳಗಿಸುವುದು, ಓಡಿಸುವುದು, ಓಟದ ದಿನ ಕುಡಿಸುವುದು, ಎಲ್ಲಾ ಅವನ ಕೈ. ಒಂದು ವರ್ಷ ಬಸವನ ಬಾಗೇವಾಡಿ ಕಡೆಯ ಓಟದಲ್ಲಿ ಈ ಜೋಡಿ ಮೊದಲನೆಯದಾಗಿ ಬಂತು. ನಾನು ಆಗ ತಂಗಿಯ ಬಾಣಂತನಕ್ಕೆ ಅಂತ ಮುದ್ದೇಬಿಹಾಳಕ್ಕೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ನಮ್ಮ ಎತ್ತನ್ನು ಹೊಲದಲ್ಲಿ ಹುಗಿದೂ ಆಗಿತ್ತು. ಗೆದ್ದು ಬಂದ ಎತ್ತು ರಾತ್ರಿ ಹೊಟ್ಟೆ ಉಬ್ಬಿ ಮಲಗಿದ್ದು ಏಳಲಿಲ್ಲವಂತೆ. ಅವನ ಎತ್ತಿಗೆ ಏನೂ ಆಗಿರಲಿಲ್ಲ. ಕೊಟ್ಟಿಗೆಯ ದಾವಣಿಯಲ್ಲಿ ನಿಂತು ಜೋಳದ ಕಣಿಕೆ ತಿನ್ನುತ್ತಿತ್ತು.

ನೀವೇ ಹೇಳಿ. ಒಂದೇ ನೊಗ, ಒಂದೇ ದಾರಿ. ನಮ್ಮದು ಸತ್ತಿತು, ಅವನದು ಉಳಿಯಿತು. ಊರೆಲ್ಲಾ ಒಂದೇ ಮಾತು ಹೇಳಿತು: "ಆಂವ ಏನೋ ಕುಡಿಸ್ಯಾನ." ನಾನು ನೇರವಾಗಿ ಹೋಗಿ ಕೇಳಿದೆ.

"ಏನು ಹಾಕಿದಿ ನಮ್ಮ ಎತ್ತಿಗೆ?"

"ಬೆಲ್ಲದ ನೀರು ವೈನಿ."

"ಬರೇ ಬೆಲ್ಲನ?"

ಅವನು ನನ್ನ ಕಾಲು ನೋಡುತ್ತಾ ನಿಂತ. ತಪ್ಪಿಲ್ಲದವನು ಬಾಯಿ ಮುಚ್ಚಿಕೊಂಡು ಯಾಕೆ ನಿಲ್ಲುತ್ತಾನೆ? ನನ್ನ ಗಂಡ ಮಾತ್ರ ಸಾಯುವ ತನಕ ಅವನ ಜೊತೆ ಎಲೆ ಅಡಿಕೆ ಹಾಕಿದ. ಗಂಡ ನಂಬಿದರೆ ನಾನು ನಂಬಬೇಕು ಅಂತ ಎಲ್ಲಿದೆ?

ಈಗ ಓಟದ ಮಾತಿಗೆ ಬರುತ್ತೇನೆ. ನನ್ನ ಸೊಸೆ ನಾಲತವಾಡದ ಹುಡುಗಿ. ಎರಡು ಮಕ್ಕಳ ತಾಯಿ. ಮಗ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಒಂದು ದಿನ ಎಮ್ಮೆ ಕರು ಹಗ್ಗ ಹರಿದುಕೊಂಡು ಇಂಡಿ ರಸ್ತೆ ಹಿಡಿಯಿತು. ಸೊಸೆ ಸೀರೆ ಎತ್ತಿ ಕಟ್ಟಿ ಅದರ ಹಿಂದೆ ಓಡಿ, ಹಿಡಿದು ತಂದಳು. ಅದನ್ನು ಅವನು ನೋಡಿದನಂತೆ. ಸಂಜೆ ಮನೆಗೆ ಬಂದ. ಎತ್ತು ಸತ್ತ ಮೇಲೆ ನಮ್ಮ ಹೊಸ್ತಿಲಿಗೆ ಬಂದವನಲ್ಲ.

"ವೈನಿ, ನಿಮ್ಮ ಸೊಸಿ ಓಡುವಾಗ ಹಿಮ್ಮಡ ನೆಲಕ್ಕ ಹತ್ತೂದಿಲ್ರಿ" ಅಂದ.

"ಹತ್ತಿದರ ಏನು, ಬಿಟ್ಟರ ಏನು?"

"ಸಿಂದಗ್ಯಾಗ ಹೆಣ್ಮಕ್ಕಳ ರಸ್ತೆ ಓಟ ಇಟ್ಟಾರ. ಐದು ಕಿಲೋಮೀಟರ. ನನ್ನ ಕೈಯಾಗ ಕೊಡ್ರಿ, ತಯಾರು ಮಾಡ್ತೇನಿ."

ನನ್ನ ಕೈಯಾಗ ಕೊಡ್ರಿ ಅಂದನಲ್ಲ, ಆ ಮಾತಿಗೆ ನನ್ನ ಮೈ ಉರಿಯಿತು. ಎತ್ತನ್ನೂ ಹಾಗೇ ಕೇಳಿ ಒಯ್ದಿದ್ದ. ಬೈದು ಕಳಿಸಿದೆ. ಒಳಗೆ ಬಂದರೆ ಸೊಸೆ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ರೊಟ್ಟಿ ಹೆಂಚಿನ ಮೇಲೆ ಸೀಯುತ್ತಿತ್ತು.

"ಅತ್ತೀ, ಸಾಲ್ಯಾಗ ಇದ್ದಾಗ ನಾ ಮುದ್ದೇಬಿಹಾಳ ತಾಲೂಕಿಗೆ ಮೊದಲನೇದಾಕಿ ರೀ" ಅಂದಳು. "ಮದಿವಿ ಆತು, ಬಿಟ್ಟೆ. ಒಂದ ಸಲ ಓಡ್ತೇನ್ರಿ. ಆಗಲಿಲ್ಲ ಅಂದ್ರ ಮತ್ತ ಕೇಳೂದಿಲ್ಲ."

ಮದುವೆಯಾಗಿ ಬಂದ ಮೇಲೆ ಅವಳು ನನ್ನನ್ನು ಏನೂ ಕೇಳಿದವಳಲ್ಲ. ಮಗನಿಗೆ ಫೋನ್ ಹಚ್ಚಿದರೆ "ಅವ್ವಾ, ನೀ ಹೂಂ ಅಂದ್ರ ನಂದೇನೈತಿ" ಅಂದ. ಎಲ್ಲಾ ನನ್ನ ತಲೆಯ ಮೇಲೆ ಬಂತು. ಮಂದಿ ಏನಂದಾರು ಅನ್ನುವ ಅಂಜಿಕೆ ನನಗೆ ಇರಲಿಲ್ಲ. ಮುದುಕ ಗಂಡಸು, ಹರೆಯದ ಸೊಸೆ ಅಂತ ಬಾಯಿ ಬಿಟ್ಟವರಿಗೆ ಕೊಡಲು ನನ್ನ ಹತ್ತಿರವೂ ಬಾಯಿ ಇತ್ತು. ನನ್ನ ಅಂಜಿಕೆ ಬೇರೆ. ಇವನು ಗೆಲ್ಲಿಸುತ್ತಾನೆ, ಅದರಲ್ಲಿ ಸಂಶಯ ಇಲ್ಲ. ಗೆದ್ದ ಮೇಲೆ ಎತ್ತು ಬಿದ್ದಂತೆ ಇವಳೂ ಬಿದ್ದರೆ ಆ ಎರಡು ಮಕ್ಕಳನ್ನು ಯಾರು ನೋಡುತ್ತಾರೆ?

ಮರುದಿನ ಅವನಿಗೆ ಹೇಳಿ ಕಳಿಸಿದೆ. ಓಡಲಿ, ಆದರೆ ನಾನೂ ಜೊತೆಗೆ ಬರುತ್ತೇನೆ.

ಅವನು ಕಲಿಸುವ ರೀತಿ ಇನ್ನೆಲ್ಲೂ ಇರಲಿಕ್ಕಿಲ್ಲ. ಕೈಗಡಿಯಾರ ಇಲ್ಲ, ಸೀಟಿ ಇಲ್ಲ. ನಸುಕಿನಲ್ಲಿ ಗಾಡಿ ಕಟ್ಟುತ್ತಿದ್ದ. ಎತ್ತಿನ ಕೊರಳಿಗೆ ಗಂಟೆ. ಗಾಡಿ ಮುಂದೆ, ಸೊಸೆ ಹಿಂದೆ. ಗಂಟೆ ಬಡಿದಂತೆ ಅವಳ ಹೆಜ್ಜೆ ಬೀಳಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾನು ಗಾಡಿಯ ಹಿಂದಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಒಮ್ಮೆ ಸೊಸೆಯ ಮುಖ ನೋಡುವುದು, ಒಮ್ಮೆ ತಿರುಗಿ ಅವನ ಕೈ ನೋಡುವುದು. ಅಷ್ಟೇ ನನ್ನ ಕೆಲಸ.

ಹಾಲಿನ ಕ್ಯಾನು ಹೊತ್ತ ಒಬ್ಬ ಸೈಕಲ್ಲು ನಿಲ್ಲಿಸಿ ನಕ್ಕ. "ಏ ಆಯಿ, ಸೊಸಿನ್ನ ಓಡಿಸಿ ನೀ ಗಾಡ್ಯಾಗ ಹೊಂಟೀಯಲ್ಲ, ಛಂದ ಐತಿ ನಿನ್ನ ನ್ಯಾಯ!"

"ನಿನ್ನ ಹೇಣ್ತಿನ್ನೂ ಕಳಸೋ. ಬಾಜೂಕ ನಿನಗೂ ಜಾಗಾ ಐತಿ" ಅಂದೆ. ಮತ್ತೆ ಆ ದಾರಿಯಲ್ಲಿ ಅವನು ಮಾತಾಡಿಸಲಿಲ್ಲ.

ಸೊಸೆಗೆ ಮೊದಲಿಗೇ ಜೋರು ಬಿಡುವ ಚಟ. ಗಾಡಿಯನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದಳು. ಅವನು ಸುಮ್ಮನೆ ಗಾಡಿ ನಿಲ್ಲಿಸಿ, ತಿರುಗಿಸಿ, ಊರಿಗೆ ಹೊಡೆಯುತ್ತಿದ್ದ. ಅವಳು ಓಡಿ ಬಂದು ಕೇಳುತ್ತಿದ್ದಳು: "ಯಾಕ್ರಿ ಕಾಕಾ?"

"ನಿನಗ ನಾ ಬ್ಯಾಡಲ್ಲ. ಗಂಟಿ ಬ್ಯಾಡಲ್ಲ. ಮುಂದ ಓಡೂದು ಗೊತ್ತಿದ್ದಾಕಿಗೆ ನಾ ಏನು ಕಲಸಲಿ? ಮೊದಲ ಹಿಂದ ಉಳಿಯೂದು ಕಲಿ."

ಒಂದು ವಾರ ಸಿಟ್ಟು ಮಾಡಿದಳು. ಆಮೇಲೆ ಕಲಿತಳು. ಕೆಲವು ದಿನ ರಸ್ತೆಯ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದರ ತನಕ ನಾಲಿಗೆ ಚಪ್ಪರಿಸಿ ಎತ್ತು ಬಿಡುತ್ತಿದ್ದ. ಅವಳು ಏದುಸಿರು ಬಿಡುತ್ತಾ ಹಿಂದೆ ಬರುತ್ತಿದ್ದಳು. ಮುಂದಿನ ಕಲ್ಲಿನ ತನಕ ನಡಿಗೆ. ಮತ್ತೆ ಬಿಡುವುದು. ಕೆಲವು ದಿನ ಹೊಳೆಯ ಮರಳಿನಲ್ಲಿ ಬರಿಗಾಲು. ಕೆಲವು ದಿನ ಏನೂ ಇಲ್ಲ, ಮಲಗು ಅನ್ನುತ್ತಿದ್ದ. "ಎತ್ತು ಓಡುವಾಗ ಗಟ್ಟಿ ಆಗೂದಿಲ್ಲ ವೈನಿ, ಮಲಗಿ ಮೆಲಕು ಹಾಕುವಾಗ ಆಗತೈತಿ. ಇಕಿಗೆ ಇವತ್ತ ನೀರು ತರಾಕ ಕಳಸಬ್ಯಾಡ್ರಿ" ಅಂತ ನನಗೇ ಹೇಳಿದ. ಅವಳನ್ನು ಬಾಯಿ ತೆರೆದು ಎತ್ತು ಅಂದನಲ್ಲ! ಆವತ್ತು ನೀರು ನಾನೇ ತಂದೆ. ಅವನ ಮಾತಿಗಲ್ಲ, ಅವಳ ಮೀನಖಂಡ ಗಂಟು ಕಟ್ಟಿದ್ದನ್ನು ನಾನೇ ನೋಡಿದ್ದೆ.

ಇಷ್ಟೂ ಸರಿ. ಸಂಶಯ ಇದ್ದದ್ದು ಬಾಟಲಿಯ ಮೇಲೆ. ಓಟ ಮುಗಿದ ಮೇಲೆ ಗಾಡಿಯ ಗೂಟಕ್ಕೆ ತೂಗುಹಾಕಿದ ಬಾಟಲಿ ತೆಗೆದು ಅವಳಿಗೆ ಕೊಡುತ್ತಿದ್ದ. ಕೆಂಚು ನೀರು. ಮನೆಯಲ್ಲಿ ಮಾಡಿ ತರುತ್ತಿದ್ದ.

"ಏನಿದು?" ಅಂದೆ.

"ಬೆಲ್ಲದ ನೀರು ವೈನಿ."

ಅದೇ ಮಾತು! ಅದೇ ಬಾಯಿ! ಬಾಟಲಿ ಕಸಿದುಕೊಂಡು ರಸ್ತೆಯ ಬದಿಗೆ ಸುರಿದೆ. ಮರುದಿನ ಗಾಡಿ ನಿಲ್ಲಿಸಲು ಹೇಳಿ ಅದೇ ಜಾಗದಲ್ಲಿ ಇಳಿದು ನೋಡಿದೆ. ಇರುವೆ ಮುತ್ತಿದ್ದವು. ಒಂದೂ ಸತ್ತಿರಲಿಲ್ಲ. ಆದರೂ ನಂಬಲಿಲ್ಲ. ಇರುವೆಗೆ ಆಗದ್ದು ಮನುಷ್ಯರಿಗೆ ಆಗಬಹುದು. ದಿನಾಲೂ ಅವನು ಬಾಟಲಿ ತರುವುದು, ದಿನಾಲೂ ನಾನು ಚೆಲ್ಲುವುದು, ಸೊಸೆಗೆ ನಮ್ಮ ಮನೆಯ ಕೊಡದಿಂದ ತಂದ ನೀರು ಕೊಡುವುದು. ಹೀಗೇ ನಡೆಯಿತು. ಅವನು ಒಂದು ದಿನವೂ ತರುವುದನ್ನು ಬಿಡಲಿಲ್ಲ. ಅದೂ ನನಗೆ ಸಂಶಯವೇ. ಚೆಲ್ಲುತ್ತಾರೆ ಅಂತ ಗೊತ್ತಿದ್ದೂ ಬೆಲ್ಲ ಯಾಕೆ ಹಾಳು ಮಾಡುತ್ತಾನೆ?

ಓಟದ ದಿನ ಸಿಂದಗಿಗೆ ಮೂವರೂ ಬಸ್ಸಿನಲ್ಲಿ ಹೋದೆವು. ಹುಡುಗಿಯರೆಲ್ಲಾ ಬಣ್ಣಬಣ್ಣದ ಬೂಟು, ಚಡ್ಡಿ ಹಾಕಿದ್ದರು. ನನ್ನ ಸೊಸೆ ಚೂಡಿಯ ಪ್ಯಾಂಟಿನ ಮೇಲೆ ಗಂಡನ ಹಳೆಯ ಅಂಗಿ ಹಾಕಿದ್ದಳು. ತಾಳಿಯನ್ನು ಅಂಗಿಯ ಒಳಗೆ ಪಿನ್ನು ಚುಚ್ಚಿ ಭದ್ರ ಮಾಡಿದ್ದೆ. ಅವನು ಚೀಲದಿಂದ ಬಾಟಲಿ ತೆಗೆದು, "ಇವತ್ತರ ಕುಡಸ್ರಿ ವೈನಿ. ಈಗ ಎರಡು ಗುಟುಕು, ಬಂದ ಮ್ಯಾಲ ಉಳಿದದ್ದು" ಅಂದು ಹೆಸರು ಬರೆಸಲು ಹೋದ. ಸೊಸೆ ಕೈ ಚಾಚಿದಳು. ನಾನು ಕೊಡಲಿಲ್ಲ. ಚೆಲ್ಲಲೂ ಇಲ್ಲ. ಬಿರಡೆ ತೆಗೆದು ಪೂರಾ ಬಾಟಲಿ ನಾನೇ ಕುಡಿದೆ.

"ಅತ್ತೀ! ಏನ ಮಾಡಿದ್ರಿ?"

"ಇದರಾಗ ಏನರ ಇದ್ದರ ನನಗ ಆಗಲಿ. ನನ್ನ ಮಕ್ಕಳು ದೊಡ್ಡವರಾಗ್ಯಾರ."

ಬೆಲ್ಲ, ಉಪ್ಪು, ನಿಂಬೆಹುಳಿ. ತಳದಲ್ಲಿ ಸ್ವಲ್ಪ ಶುಂಠಿ ಖಾರ. ರಸ್ತೆಯ ಪಕ್ಕ ಒಂದು ಕಟ್ಟೆಯ ಮೇಲೆ ಕೂತು, ಏನಾಗುತ್ತದೆ ಅಂತ ನನ್ನ ಎದೆಯ ಮೇಲೆ ನಾನೇ ಕೈ ಇಟ್ಟುಕೊಂಡು ನೋಡಿದೆ. ಒಂದು ತೇಗು ಬಂತು. ಅಷ್ಟೇ.

ಓಟ ಬಿಟ್ಟಾಗ ಸೊಸೆ ಎಲ್ಲರ ಹಿಂದೆ. ಪಕ್ಕದವರು "ಮುಗೀತು ಇಕಿದು" ಅಂದರು. ಅವಳ ತುಟಿ ಅಲುಗುತ್ತಿದ್ದವು. ಗಂಟೆ ಇಲ್ಲದ ರಸ್ತೆಯಲ್ಲಿ ಬಾಯಲ್ಲೇ ಗಂಟೆ ಬಾರಿಸಿಕೊಂಡು ಹೋದಳು. ತಿರುಗಿ ಬರುವಾಗ ಬೂಟಿನವರು ಒಬ್ಬೊಬ್ಬರಾಗಿ ಪಕ್ಕೆ ಹಿಡಿದು ನಡೆಯತೊಡಗಿದ್ದರು. ಇವಳು ಅದೇ ಹೆಜ್ಜೆ. ಕೊನೆಗೆ ಅವನು ರಸ್ತೆಯ ಅಂಚಿಗೆ ಬಂದು, ಎತ್ತಿಗೆ ಚಪ್ಪರಿಸಿದಂತೆ ನಾಲಿಗೆ ಚಪ್ಪರಿಸಿದ. ಅಷ್ಟು ಮಂದಿಯ ಗದ್ದಲದಲ್ಲಿ ಅವಳಿಗೆ ಹೇಗೆ ಕೇಳಿಸಿತೋ. ಬಿಟ್ಟಳು ನೋಡಿ! ಎರಡನೆಯವಳಾಗಿ ಬಂದಳು.

ಅವನು ನನ್ನ ಹತ್ತಿರ ಬಂದು ಬರಿದಾದ ಬಾಟಲಿ ನೋಡಿದ. "ಕುಡದಳೇನ್ರಿ?"

"ನಾ ಕುಡದೆ."

ನನ್ನ ಕಾಲು ನೋಡಿದ. "ಹಂಗಾರ ನೀವೂ ಓಡಬೇಕಿತ್ತು" ಅಂದ.

ಎರಡನೆಯ ಬಹುಮಾನ ಅಂದರೆ ನಮ್ಮ ಊರಿಗೆ ಮೊದಲನೆಯದೇ. ಸಂಜೆ ಬಸ್ಸು ಇಳಿದರೆ ಹಲಗೆ ಬಾರಿಸುತ್ತಿದ್ದರು. ನಮ್ಮಲ್ಲಿ ಗೆದ್ದು ಬಂದ ಎತ್ತನ್ನು ಮನೆಮನೆಗೆ ಕರೆದೊಯ್ಯುವ ರೂಢಿ. ಪ್ರತಿ ಮನೆಯವರೂ ಆರತಿ ಬೆಳಗಿ, ಏನಾದರೂ ತಿನ್ನಿಸಿ ಮುಂದಕ್ಕೆ ಬಿಡುತ್ತಾರೆ. ಅದನ್ನೇ ಸೊಸೆಗೂ ಮಾಡಿದರು. ಒಬ್ಬಳು ಹೋಳಿಗೆ ತುಪ್ಪ, ಇನ್ನೊಬ್ಬಳು ಸಜ್ಜಕ, ಮತ್ತೊಬ್ಬಳು ತಂಬಿಗೆ ತುಂಬ ಹಾಲು. ಬೆಳಗಿನಿಂದ ಹಸಿದವಳು, ಅವಳೂ ಕೈ ಒಡ್ಡಿದಳು. ನನಗೂ ಎದೆ ಉಬ್ಬಿತ್ತು. ತಿನ್ನಲಿ ಅಂದುಕೊಂಡೆ. ಮೂರನೆಯ ಮನೆಯ ಮುಂದೆ ಅವನು ಓಡಿ ಬಂದು, ಯಾರದೋ ಗಾಡಿಯಿಂದ ಎಳೆದುಕೊಂಡ ಬಾರಕೋಲನ್ನು ಅವಳ ಮುಂದೆ ಅಡ್ಡ ಹಿಡಿದು ನಿಂತ. ಅವನ ಧ್ವನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ತಿನಸಬ್ಯಾಡ್ರಿ! ಒಂದನ್ನ ಹಿಂಗ ತಿನಿಸಿ ಕೊಂದೀರಿ, ಸಾಲಲಿಲ್ಲೇನ?"

ಹಲಗೆ ನಿಂತಿತು. ಹೆಂಗಸರು ತಟ್ಟೆ ಹಿಡಿದುಕೊಂಡೇ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ "ಯಾವುದನ್ನ?" ಅಂತ ಕೇಳಲಿಲ್ಲ. ಯಾವುದು ಅಂತ ಅವರಿಗೆಲ್ಲಾ ಗೊತ್ತಿತ್ತು ಅನ್ನುವುದು ನನಗೆ ಆಗಲೇ ತಿಳಿಯಿತು.

ಅವನು ಸೊಸೆಗೆ "ನಡಿಯವ್ವಾ, ಮೈ ಆರೂತನಾ ನಡಿ" ಅಂತ ಹೇಳಿ ಊರ ಅಗಸಿ ಬಾಗಿಲಿನಿಂದ ಹೊಳೆಯ ದಾರಿಯ ತನಕ ನಡೆಸಿಕೊಂಡು ಹೋದ. ನಾನು ಹಿಂದೆ ಹೋಗಿ ಅಡ್ಡಗಟ್ಟಿದೆ.

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನಿಮ್ಮ ಎಡಗಾಲಿನ ಚಪ್ಪಲಿ ಹೊರಗಿನ ಕಡೆ ಸವದೈತಿ ವೈನಿ. ಮಣಕಾಲು ನೋಯತಾವೇನು?"

"ಮಾತು ತಪ್ಪಿಸಬ್ಯಾಡ. ನಿನ್ನ ಎತ್ತು ಹ್ಯಾಂಗ ಉಳೀತು?"

"ನಂದನ್ನ ನಾ ಮೆರವಣಿಗಿಗೆ ಬಿಡಲಿಲ್ಲ. ಹೊಳಿ ದಂಡಿಗೆ ಒಯ್ದು ನಡಿಸಿದೆ. ನಿಮ್ಮದರ ಹಗ್ಗ ನನ್ನ ಕೈಯಾಗ ಇರಲಿಲ್ಲ." ಯಾರ ಕೈಯಲ್ಲಿ ಇತ್ತು ಅಂತ ನಾನು ಕೇಳಲಿಲ್ಲ. ಗೆದ್ದ ಎತ್ತಿನ ಹಗ್ಗವನ್ನು ನನ್ನ ಗಂಡ ಮೆರವಣಿಗೆಯಲ್ಲಿ ಇನ್ನೊಬ್ಬರ ಕೈಗೆ ಕೊಡುವವನೇ ಅಲ್ಲ.

ಆದರೂ ಸತ್ತವನ ಮೇಲೆ ಹಾಕುವುದು ಸುಲಭ. ಇವನು ಸುಳ್ಳು ಹೇಳುತ್ತಿರಬಹುದು. ನೇರವಾಗಿ ಪಕ್ಕದ ಮನೆಯ ಮುದುಕಿಯ ಹತ್ತಿರ ಹೋದೆ. ಅವಳು ನನಗಿಂತ ಹಿರಿಯಳು.

"ಯಕ್ಕಾ, ನಮ್ಮ ಎತ್ತು ಗೆದ್ದು ಬಂದ ದಿನ ನಿಮ್ಮ ಮನಿ ಮುಂದ ಬಂದಿತ್ತೇನ?"

"ಬಂದಿತ್ತಲ್ಲ. ನಿನ್ನ ಗಂಡನೇ ಹಗ್ಗಾ ಹಿಡಕೊಂಡು ಬಂದಿದ್ದ. ಏನು ಹಿಗ್ಗು ಅವಂದು!"

"ನೀ ಏನು ಹಾಕಿದಿ?"

ಅವಳು ಸೆರಗು ಸರಿ ಮಾಡಿಕೊಂಡಳು. "ಎಲ್ಲಾರೂ ಹಾಕಿದ್ರವ್ವಾ. ನಾ ಒಂದು ಬುಟ್ಟಿ ಜ್ವಾಳ ಹಾಕಿದೆ. ಎದುರು ಮನ್ಯಾಕಿ ಹೋಳಿಗಿ ತಿನಿಸಿದಳು. ಪ್ರೀತಿಲೆ ಹಾಕಿದ್ದು."

"ಮತ್ತ ಆಂವ ಏನೋ ಕುಡಿಸ್ಯಾನ ಅಂತ ನನ್ನ ಮುಂದ ಹೇಳಿದಾಕಿ ನೀನ ಅಲ್ಲಾ?"

"ಎಲ್ಲಾರೂ ಅಂದ್ರು, ನಾನೂ ಅಂದೆ."

ಊರಿನ ಅಷ್ಟೂ ಮನೆಗಳು ತಮ್ಮ ಬುಟ್ಟಿ ಮುಚ್ಚಿಟ್ಟು ಅವನ ಬಾಟಲಿ ತೋರಿಸಿದವು. ಮೊನ್ನೆ ಫೋಟೋಕ್ಕೆ ಹಾರ ಹಾಕಿದವರೂ ಅವರೇ. ಅಂದಮೇಲೆ ನನ್ನ ಸಂಶಯ ಹೋಗಲಿಲ್ಲ, ಮನೆ ಬದಲಾಯಿಸಿತು ಅಷ್ಟೇ. ಅವನ ಮೇಲೂ ಒಂದಿಷ್ಟು ಉಳಿಯಿತು. ಗೆಳೆಯನ ಹೆಸರು ಉಳಿಸಲು ಬಾಯಿ ಮುಚ್ಚಿದನಂತೆ. ಹೇಳಿದ್ದರೆ ಏನಾಗುತ್ತಿತ್ತು? ನಾನು ಗಂಡನನ್ನು ನಾಲ್ಕು ದಿನ ಬೈಯುತ್ತಿದ್ದೆ. ಅವನು ಬೈಸಿಕೊಳ್ಳುತ್ತಿದ್ದ. ಐದನೆಯ ದಿನ ಇಬ್ಬರೂ ಊಟ ಮಾಡುತ್ತಿದ್ದೆವು. ಇಷ್ಟಕ್ಕೆ ಒಬ್ಬ ಮನುಷ್ಯ ಜೀವಮಾನವಿಡೀ ಎತ್ತು ಕೊಂದವ ಅನ್ನಿಸಿಕೊಳ್ಳುವುದು ಯಾವ ಜಾಣತನ? ಆ ಸಂಜೆ ಅವನಿಗೆ ನಾನು ತಪ್ಪಾಯಿತು ಅನ್ನಲಿಲ್ಲ. ಅವನೂ ಅದಕ್ಕಾಗಿ ನಿಂತವನಲ್ಲ. ಹೋಗುವಾಗ ಒಂದೇ ಮಾತು ಹೇಳಿದ: "ನಾಳೆ ಓಡೂದು ಬ್ಯಾಡ. ಕಾಲು ಬಿಡುವಂಗ ನಡೀಬೇಕು. ನಸಕಿನ್ಯಾಗ ಕಳಸ್ರಿ."

ಮರುದಿನ ನಸುಕಿನಲ್ಲಿ ಸೊಸೆಯನ್ನು ಎಬ್ಬಿಸುವ ಮೊದಲೇ ನಾನು ಎದ್ದು, ನಮ್ಮ ಗಿಡದ ನಾಲ್ಕು ನಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು, ನಿನ್ನೆಯ ಬರಿದಾದ ಬಾಟಲಿ ಹಿಡಿದು ಅವನ ಮನೆಗೆ ಹೋದೆ. ಅವನು ಒಲೆ ಹಚ್ಚುತ್ತಿದ್ದ. ಎದುರಿಗೆ ಮಣೆ ಹಾಕಿಕೊಂಡು ಕೂತೆ. "ನನ್ನ ಕಣ್ಣ ಮುಂದ ಮಾಡು" ಅಂದೆ. ಬೆಲ್ಲ ಹಾಕಿದ, ನಿಂಬೆ ಹಿಂಡಿದ, ಶುಂಠಿ ಜಜ್ಜಿದ, ಉಪ್ಪು ಹಾಕಿದ. ಅವನ ಕೈಯ ಮೇಲಿಂದ ನಾನು ಕಣ್ಣು ತೆಗೆಯಲಿಲ್ಲ. ಮೊದಲು ನಾನು ಒಂದು ಗುಟುಕು ಕುಡಿದೆ. ಉಪ್ಪು ಕಡಿಮೆ ಇತ್ತು. ಇನ್ನೊಂದು ಚಿಟಿಕೆ ಹಾಕಿಸಿ, ಬಾಟಲಿ ತುಂಬಿಸಿಕೊಂಡು ಬಂದು ಸೊಸೆಯನ್ನು ಎಬ್ಬಿಸಿ, ಪೂರಾ ಕುಡಿಸಿದೆ.